ನಮ್ಮ ಊರಿನ ಚಳಿಗೆ ಲೆಕ್ಕವಿಲ್ಲ

(ಅಂತಿಮ ಬಿ.ಎ. ವಿದ್ಯಾರ್ಥಿ, ಮಾರ್ಟಳ್ಳಿ)

“ಈ ಸಲ ಚಳಿಯೇ ಬೀಳಲಿಲ್ಲವಲ್ಲ!”

2025ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಒಂದು ವಾರಕ್ಕೆ, ಬೆಳಗಿನ ಮೊದಲ ಬಸ್ಸಿನಲ್ಲಿ ಈ ಮಾತು ಎದ್ದಿತು. ಎತ್ತಿದವರು ಮುಂದಿನ ಸೀಟಿನ ಹಿರಿಯರೊಬ್ಬರು. ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ತಮಗೆ ಯಾರೋ ಮೋಸ ಮಾಡಿದರೆಂಬಂತೆ ಅವರು ಕಿಟಕಿಯ ಕಡೆ ನೋಡಿದರು. ಕೂಡಲೇ ಬಸ್ಸು ಎರಡು ಪಕ್ಷವಾಯಿತು. “ಮೊದಲಿನ ಚಳಿ ಎಲ್ಲಿ ಬಂತು ಕಣಪ್ಪ, ಆಗ ಬಿಂದಿಗೆ ನೀರು ಮುಟ್ಟಕ್ಕಾಗ್ತಿರ್ಲಿಲ್ಲ” ಎಂದು ಒಂದು ಪಕ್ಷ. “ತಿಂಗಳ ಮೊದಲ ವಾರ ಹಲ್ಲು ಕಟಕಟ ಅಂದಿದ್ದು ಮರೆತುಬಿಟ್ರಾ ತಾತ?” ಎಂದು ಇನ್ನೊಂದು ಪಕ್ಷ. ವಾದ ರಾಮಾಪುರ ದಾಟಿತು, ಹನೂರು ಬಂತು, ತೀರ್ಮಾನ ಮಾತ್ರ ಬರಲಿಲ್ಲ. ಕಂಡಕ್ಟರು ಎರಡು ಪಕ್ಷಕ್ಕೂ ಟಿಕೆಟು ಹರಿದು ಕೊಟ್ಟು ನಕ್ಕು ಸುಮ್ಮನಾದರು.

ನಾನು ಅಂದು ಯಾವ ಪಕ್ಷಕ್ಕೂ ಸೇರಲಿಲ್ಲ. ಆದರೆ ಒಂದು ವಿಚಾರ ನನ್ನನ್ನು ಆ ದಿನವೆಲ್ಲ ಕಾಡಿತು. ಜಮೀನಿನ ಗಡಿಯ ವಿಷಯದಲ್ಲಿ ಜಗಳ ಬಂದರೆ ಸರ್ವೆ ನಕ್ಷೆ ಇದೆ. ವಯಸ್ಸಿನ ವಿಷಯದಲ್ಲಿ ಜಗಳ ಬಂದರೆ ಶಾಲೆಯ ದಾಖಲಾತಿ ಇದೆ. ನಮ್ಮ ಊರಿನಲ್ಲಿ ಚಳಿ ಹೆಚ್ಚಾಗಿತ್ತೇ ಕಡಿಮೆಯಾಗಿತ್ತೇ ಎಂದು ಜಗಳ ಬಂದರೆ ತೆಗೆದು ನೋಡುವುದಕ್ಕೆ ಏನಿದೆ? ಏನೂ ಇಲ್ಲ. ಅವರವರ ನೆನಪೇ ಅವರವರ ಸಾಕ್ಷಿ.

ನೆನಪನ್ನು ನಾನು ಹಳಿಯುತ್ತಿಲ್ಲ. ಆದರೆ ಚಳಿಯ ವಿಷಯದಲ್ಲಿ ಅದು ಅಷ್ಟು ಒಳ್ಳೆಯ ಸಾಕ್ಷಿಯಲ್ಲ. ನಮ್ಮ ತಂದೆಯವರನ್ನು ಕೇಳಿದೆ. ಅವರ ಬಾಲ್ಯದ ಚಳಿ ಭಯಂಕರವಾಗಿತ್ತೆಂದರು. ಇನ್ನೂ ಸ್ವಲ್ಪ ಕೆದಕಿ ಕೇಳಿದ ಮೇಲೆ ತಿಳಿದದ್ದೇನೆಂದರೆ, ಆಗ ಮನೆಯಲ್ಲಿದ್ದದ್ದು ಆರು ಜನಕ್ಕೆ ಎರಡು ಕಂಬಳಿ. ಮನೆಗೆ ಸರಿಯಾದ ಬಾಗಿಲಿರಲಿಲ್ಲ, ತಡಿಕೆ ಇತ್ತು. ಈಗ ತಲೆಗೊಂದು ಕಂಬಳಿ ಇದೆ, ಬಾಗಿಲಿಗೆ ಚಿಲಕವೂ ಇದೆ. ಹಾಗಾದರೆ ಕಡಿಮೆಯಾದದ್ದು ಚಳಿಯೋ, ನಮ್ಮ ಬಡತನವೋ? ಎರಡೂ ಆಗಿರಬಹುದು. ಯಾವುದು ಎಷ್ಟೆಂದು ಹೇಳಬೇಕಾದರೆ ಅಳತೆ ಬೇಕು.

1884ರ ಜನವರಿ 13ರಂದು ಬೆಂಗಳೂರಿನ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಆ ನಗರದಲ್ಲಿ ದಾಖಲಾಗಿರುವ ಅತ್ಯಂತ ಕನಿಷ್ಠ ಉಷ್ಣತೆ ಇಂದಿಗೂ ಅದೇ. ಪ್ರತಿ ಚಳಿಗಾಲದಲ್ಲಿಯೂ ಪತ್ರಿಕೆಗಳು ಆ ಅಂಕಿಯನ್ನು ತಪ್ಪದೆ ನೆನಪಿಸುತ್ತವೆ. ನೂರ ನಲವತ್ತು ವರ್ಷಗಳ ಹಿಂದಿನ ಒಂದು ರಾತ್ರಿ ನಮಗೆ ಗೊತ್ತು. ಏಕೆಂದರೆ ಯಾರೋ ಒಬ್ಬ ನೌಕರ ಆ ಬೆಳಿಗ್ಗೆ ಎದ್ದು, ಗಾಜಿನ ನಳಿಗೆಯ ಮೇಲಿನ ಗೆರೆಯನ್ನು ನೋಡಿ, ಪುಸ್ತಕದಲ್ಲಿ ಬರೆದಿಟ್ಟ. ಅವನ ಹೆಸರು ನಮಗೆ ಬೇಕಾಗಿಲ್ಲ, ಅವನು ಬರೆದದ್ದು ಬೇಕಾಯಿತು. ಅದೇ ಮಾರ್ಟಳ್ಳಿಯಲ್ಲಿ ಕಳೆದ ವರ್ಷದ ಯಾವ ರಾತ್ರಿ ಎಷ್ಟು ಚಳಿ ಇತ್ತೆಂದು ಹೇಳಬಲ್ಲವರು ಒಬ್ಬರೂ ಇಲ್ಲ.

ನಮ್ಮ ಸೀಮೆಯ ಚಳಿ ಹಿಮಾಲಯದ ಚಳಿಯಂತಲ್ಲ. ಮೈಸೂರಿನ ಕಡೆ ಜನವರಿಯ ರಾತ್ರಿಯ ಸರಾಸರಿ ಉಷ್ಣತೆ 16 ಡಿಗ್ರಿಯ ಆಸುಪಾಸು. ಉತ್ತರದವರು ಇದನ್ನು ಕೇಳಿದರೆ ನಗುತ್ತಾರೆ. ಆದರೆ ಚಳಿಯೆಂಬುದು ಅಭ್ಯಾಸವನ್ನು ಅವಲಂಬಿಸಿದ್ದು. 35 ಡಿಗ್ರಿಯಲ್ಲಿ ದುಡಿಯುವ ಮೈಗೆ 15 ಡಿಗ್ರಿಯೇ ಸಾಕು. ಇದು ಬರುವುದಾದರೂ ಎಲ್ಲಿಂದ? ಬಹಳ ಮಟ್ಟಿಗೆ ಆಕಾಶದಿಂದ. ಹಿಂಗಾರು ಮಳೆ ಮುಗಿದ ಮೇಲೆ ಮುಗಿಲು ಹರಿದು ಆಕಾಶ ಶುಭ್ರವಾಗುತ್ತದೆ, ಗಾಳಿ ಒಣಗುತ್ತದೆ. ಹಗಲೆಲ್ಲ ಕಾದ ನೆಲ ರಾತ್ರಿ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಡುತ್ತದೆ, ತಡೆಯುವವರಿಲ್ಲ. ಮೋಡವಿದ್ದರೆ, ಗಾಳಿಯಲ್ಲಿ ತೇವವಿದ್ದರೆ, ಅದೇ ಶಾಖ ಹೊದಿಕೆಯ ಕೆಳಗೆ ಉಳಿದಂತೆ ಉಳಿದುಬಿಡುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದ ಮೋಡ ತೇಲಿ ಬಂದ ರಾತ್ರಿ ನಮ್ಮಲ್ಲಿ ಸೆಕೆಯಾಗುವುದು ಇದರಿಂದಲೇ. ಸ್ವಾರಸ್ಯವೆಂದರೆ ಜನವರಿಯ ಆರಂಭದಲ್ಲಿಯೇ ಭೂಮಿ ಸೂರ್ಯನಿಗೆ ವರ್ಷದಲ್ಲೆಲ್ಲ ಅತ್ಯಂತ ಹತ್ತಿರವಾಗಿರುತ್ತದೆ! ಸೂರ್ಯ ಹತ್ತಿರವಿದ್ದರೂ ಹಗಲು ಮೋಟು, ಬಿಸಿಲು ಓರೆ; ಆದ್ದರಿಂದ ಚಳಿ.

ಇಷ್ಟನ್ನು ನಾನು ಪುಸ್ತಕದಿಂದ ಓದಿದೆ. ನಮ್ಮ ಅಜ್ಜಿ ಓದದೆಯೇ ಬಲ್ಲರು. “ನಕ್ಷತ್ರ ಜಾಸ್ತಿ ಕಂಡ ರಾತ್ರಿ ಮಕ್ಕಳಿಗೆ ಹೊದಿಸಬೇಕು” ಎನ್ನುತ್ತಾರೆ. ದಿಬ್ಬದ ಮನೆಗಿಂತ ಹಳ್ಳದ ಬದಿಯ ಹೊಲದಲ್ಲಿ ಚಳಿ ಹೆಚ್ಚೆಂದೂ ಹೇಳುತ್ತಾರೆ. ತಣ್ಣನೆಯ ಗಾಳಿ ಭಾರವಾದದ್ದು, ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆಂಬ ಕಾರಣ ಅವರಿಗೆ ಬೇಕಾಗಿಯೇ ಇಲ್ಲ. ನಮ್ಮ ಮನೆಯಲ್ಲಿ ಆಡುವುದು ತಮಿಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಆದ್ದರಿಂದ ಚಳಿಯ ಬಗ್ಗೆ ನನಗೆ ಎರಡು ಕಡೆಯ ಗಾದೆಗಳೂ ಬಂದವು. ತೈ ತಿಂಗಳ ಮಂಜು ನೆಲವನ್ನು ತೂತು ಮಾಡುತ್ತದೆ, ಮಾಸಿ ತಿಂಗಳ ಮಂಜು ಮಾಳಿಗೆಯನ್ನೇ ತೂತು ಮಾಡುತ್ತದೆ ಎಂಬುದು ಅಜ್ಜಿಯ ಕಡೆಯದು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ ಎಂಬುದು ಕನ್ನಡದ್ದು. ಎರಡೂ ಒಂದೇ ಮಾತನ್ನು ಹೇಳುತ್ತವೆ: ಚಳಿ ಫೆಬ್ರವರಿಯವರೆಗೂ ಇರತಕ್ಕದ್ದು. ಕಾವೇರಿಯನ್ನು ದಾಟಿ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಶಿವರಾತ್ರಿಯ ಯಾತ್ರಿಕರು ಕಂಬಳಿ ಹೊತ್ತು ನಡೆಯುತ್ತಿದ್ದದ್ದು ಈ ಲೆಕ್ಕದಲ್ಲಿಯೇ.

2025ರಲ್ಲಿ ಶಿವರಾತ್ರಿ ಬಂದದ್ದು ಫೆಬ್ರವರಿ 26ಕ್ಕೆ. ಆ ಫೆಬ್ರವರಿ, 1901ರಿಂದೀಚೆಗೆ ಭಾರತ ಕಂಡ ಎಲ್ಲ ಫೆಬ್ರವರಿಗಳಲ್ಲಿ ಅತ್ಯಂತ ಬೆಚ್ಚನೆಯದೆಂದು ಭಾರತೀಯ ಹವಾಮಾನ ಇಲಾಖೆ ಹೇಳಿತು. ಅದರ ಹಿಂದಿನ ಜನವರಿ, ಅಂದರೆ ಬಸ್ಸಿನ ಜಗಳದ ಜನವರಿ, ದೇಶದ ಸರಾಸರಿಯಲ್ಲಿ 18.98 ಡಿಗ್ರಿಯಾಗಿ ಮೂರನೆಯ ಸ್ಥಾನ ಪಡೆಯಿತು. ಅದಕ್ಕಿಂತ ಬೆಚ್ಚಗಿದ್ದ ಎರಡು ಜನವರಿಗಳು ಯಾವುವೆಂದು ನೋಡಿದರೆ 1958 ಮತ್ತು 1990! ಇದನ್ನು ಓದಿದಾಗ ನಾನು ಸ್ವಲ್ಪ ಪೇಚಿಗೆ ಸಿಕ್ಕಿದೆ. ಏಕೆಂದರೆ “ಈಗ ಲೋಕವೇ ಕಾದುಹೋಗಿದೆ, ಹಿಂದೆ ಹೀಗಿರಲಿಲ್ಲ” ಎಂದು ಬರೆಯಲು ನಾನು ಲೇಖನಿ ಹಿಡಿದು ಕುಳಿತಿದ್ದೆ. ಅಜ್ಜಿ ಚಿಕ್ಕ ಹುಡುಗಿಯಾಗಿದ್ದ 1958ರ ಜನವರಿ ಇನ್ನೂ ಬೆಚ್ಚಗಿತ್ತೆಂದು ತಿಳಿದ ಮೇಲೆ ಹಾಗೆ ಬರೆಯುವುದು ಪ್ರಾಮಾಣಿಕವಲ್ಲ. ಒಂದು ಬೆಚ್ಚನೆಯ ಜನವರಿಯಿಂದ ಏನೂ ಸಿದ್ಧವಾಗುವುದಿಲ್ಲ.

ಸಿದ್ಧವಾಗುವುದು ಸಾಲಾಗಿ ಬಂದಾಗ. 2024ನೆಯ ವರ್ಷ ಭಾರತದಲ್ಲಿ 1901ರಿಂದೀಚೆಗೆ ಅತ್ಯಂತ ಬಿಸಿಯಾದ ವರ್ಷ. 1991ರಿಂದ 2020ರವರೆಗಿನ ಸರಾಸರಿಗಿಂತ 0.65 ಡಿಗ್ರಿ ಹೆಚ್ಚು. ಇದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೊಂದು ಅಂಕಿ. ಆ ವರ್ಷ ಹಗಲಿನ ಗರಿಷ್ಠ ಉಷ್ಣತೆ ಸರಾಸರಿಗಿಂತ ಏರಿದ್ದು ಕೇವಲ 0.20 ಡಿಗ್ರಿ, ರಾತ್ರಿಯ ಕನಿಷ್ಠ ಉಷ್ಣತೆ ಏರಿದ್ದು 0.90 ಡಿಗ್ರಿ. ಅಂದರೆ ಬದಲಾವಣೆ ಹೆಚ್ಚಾಗಿ ನಡೆದದ್ದು ನಾವು ಮಲಗಿರುವಾಗ. ಬಿಸಿಲು ಹೆಚ್ಚಾದರೆ ಎಲ್ಲರೂ ಕೂಗುತ್ತಾರೆ. ರಾತ್ರಿ ಬೆಚ್ಚಗಾದರೆ ಯಾರು ಕೂಗುತ್ತಾರೆ? ಹೊದಿಕೆಯನ್ನು ಕಾಲಿನಿಂದ ಒದ್ದು ಮಗ್ಗುಲು ಬದಲಾಯಿಸುತ್ತಾರೆ, ಅಷ್ಟೆ.

ಈ ಮಾತನ್ನು ವಿದ್ಯಾರ್ಥಿನಿಲಯದಲ್ಲಿ ಆಡಿದಾಗ ಮಿತ್ರನೊಬ್ಬ, “ಚಳಿ ಕಡಿಮೆಯಾದರೆ ನಿನಗೇನು ನಷ್ಟ? ಬಡವರು ಬದುಕಿಕೊಂಡರು ಎಂದುಕೊ” ಎಂದ. ಅವನ ಮಾತನ್ನು ನಾನು ತಳ್ಳಿಹಾಕಲಾರೆ. ಆನೆ ಹಂದಿಗಳ ಕಾಟಕ್ಕೆ ಅಟ್ಟಣೆಯ ಮೇಲೆ ಕುಳಿತು ರಾತ್ರಿಯೆಲ್ಲ ಹೊಲ ಕಾಯುವವರ ಮಗ ನಾನು. ಬೆಚ್ಚನೆಯ ಜನವರಿಯಲ್ಲಿ ನಮ್ಮ ತಂದೆ ಬೆಳಿಗ್ಗೆ ಇಳಿದು ಬಂದಾಗ ಬೆರಳು ಮಡಿಸಬಲ್ಲರು. ಅಜ್ಜಿಯ ಉಬ್ಬಸ ಕಡಿಮೆ. ರೇಷ್ಮೆ ಹುಳು ಸಾಕುವ ನೆಂಟರ ಮನೆಯಲ್ಲಿ ಇದ್ದಿಲಿನ ಖರ್ಚು ಉಳಿಯುತ್ತದೆ. ಹುಳುವಿಗೆ 24ರಿಂದ 28 ಡಿಗ್ರಿಯವರೆಗಿನ ಶಾಖ ಹಿತ. ಚಳಿ ಬಿದ್ದರೆ ಅದು ಸೊಪ್ಪು ತಿನ್ನುವುದನ್ನು ಕಡಿಮೆ ಮಾಡಿ ದಿನಗಳನ್ನು ಎಳೆಯುತ್ತದೆ, ಹುಳುವಿನ ಮನೆಯಲ್ಲಿ ಬೆಂಕಿ ಇಡಬೇಕಾಗುತ್ತದೆ. ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಉಡುವವರಿಗೆ ಗೊತ್ತಿರಲಿಕ್ಕಿಲ್ಲ, ಜನವರಿಯ ಗೂಡಿನ ಬೆಲೆಯಲ್ಲಿ ಸ್ವಲ್ಪ ಇದ್ದಿಲೂ ಸೇರಿದೆ.

ಇದೆಲ್ಲ ಲಾಭದ ಬದಿ. ನಷ್ಟದ ಬದಿ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ನಮ್ಮದು ನೀರಾವರಿಯ ಸೀಮೆಯಲ್ಲ. ಹಿಂಗಾರು ಮುಗಿದ ಮೇಲೆ ಹೊಲದಲ್ಲಿ ನಿಂತ ಹುರಳಿ, ಅವರೆ ಮುಂತಾದವು ನೆಲದ ಉಳಿದ ತೇವ ಮತ್ತು ರಾತ್ರಿಯ ಇಬ್ಬನಿಯನ್ನು ನಂಬಿಕೊಂಡಿವೆ. ಅವರೆಗೆ ಸೊಗಡು ಬರುವುದು ಮಂಜಿನಿಂದ ಎಂದು ನಮ್ಮ ಹೆಂಗಸರು ಹೇಳುತ್ತಾರೆ. ರಾತ್ರಿ ತಣ್ಣಗಾಗದಿದ್ದರೆ ಇಬ್ಬನಿ ಕಟ್ಟುವುದೆಂತು? ಮಾವಿನ ವಿಷಯ ಇನ್ನೂ ಸ್ಪಷ್ಟ. ಮಾವು ಹೂ ಬಿಡುವುದಕ್ಕೆ ಶುಷ್ಕವಾದ ತಣ್ಣನೆಯ ರಾತ್ರಿಗಳು ಬೇಕು. ಅವು ಸಿಗದಿದ್ದರೆ ಮರ ಹೂವಿನ ಬದಲು ಚಿಗುರು ಬಿಡುತ್ತದೆ. ನೋಡುವುದಕ್ಕೆ ಮರ ಬಹಳ ಚೆನ್ನಾಗಿರುತ್ತದೆ, ಕೆಂಪಗೆ ತಳತಳಿಸುತ್ತದೆ. ಬುಟ್ಟಿ ಮಾತ್ರ ಖಾಲಿ.

ಮೋಡದ ಜನವರಿಗೆ ಇನ್ನೊಂದು ಅಪಾಯವುಂಟು. ಚಳಿಯನ್ನು ತಡೆದ ಮೋಡ ಕೆಲವೊಮ್ಮೆ ಸುರಿದೂ ಬಿಡುತ್ತದೆ. 2021ರ ಜನವರಿಯ ಮೊದಲ ವಾರದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಅಕಾಲ ಮಳೆ ಬಿದ್ದು ಕಣದಲ್ಲಿ ಒಣಗಲು ಹರಡಿದ್ದ ಕಾಫಿ ನೆನೆಯಿತು, ಗಿಡದಲ್ಲಿದ್ದ ಹಣ್ಣು ಉದುರಿತು. ತೋಟದವರ ನಷ್ಟ ಪತ್ರಿಕೆಯಲ್ಲಿ ಬಂತು. ಆ ದಿನಗಳಲ್ಲಿ ಕೊಯ್ಲಿಲ್ಲದೆ ಕೂಲಿಯೂ ಇಲ್ಲದೆ ಲೈನು ಮನೆಗಳಲ್ಲಿ ಕುಳಿತವರ ಲೆಕ್ಕ ಬಂದಂತೆ ನನಗೆ ನೆನಪಿಲ್ಲ. ನಮ್ಮ ಊರಿನ ಕಡೆ ರಾಗಿಯ ಮೆದೆ ಕಣದಲ್ಲಿರುವ ಕಾಲವೂ ಅದೇ.

ಚಳಿಯನ್ನೇ ನಂಬಿ ಬದುಕುವ ಜನರೂ ನಮ್ಮ ತಾಲ್ಲೂಕಿನಲ್ಲಿದ್ದಾರೆಂದರೆ ದೂರದ ಓದುಗರಿಗೆ ಆಶ್ಚರ್ಯವಾದೀತು. ಒಡೆಯರಪಾಳ್ಯದಲ್ಲಿ 1974ರಿಂದ ಟಿಬೆಟನ್ನರ ವಸತಿ ಇದೆ. ಅವರ ಮಳೆಗಾಲದ ಬೆಳೆ ಜೋಳ, ಚಳಿಗಾಲದ ಬೆಳೆ ಸ್ವೆಟರು ಎಂದು ತಮಾಷೆಗೆ ಹೇಳಬಹುದು. ದೀಪಾವಳಿಯ ಹೊತ್ತಿಗೆ ಅನೇಕರು ಊರು ಬಿಟ್ಟು ನಗರಗಳಿಗೆ ಹೋಗಿ ರಸ್ತೆಯ ಬದಿಯಲ್ಲಿ ಉಣ್ಣೆ ಬಟ್ಟೆ ಮಾರುತ್ತಾರೆ. ಸರಕು ಬರುವುದು ಲೂಧಿಯಾನದಿಂದ, ಬಹುಪಾಲು ಸಾಲದ ಮೇಲೆ. ಚಳಿ ಬಿದ್ದರೆ ಸಾಲ ತೀರುತ್ತದೆ. ಬೀಳದಿದ್ದರೆ ಗಂಟು ಕಟ್ಟಿದ ಸ್ವೆಟರು ಮತ್ತು ಸಾಲ ಎರಡೂ ಮುಂದಿನ ವರ್ಷಕ್ಕೆ ಕಾಯುತ್ತವೆ. ನಾನು ತೊಟ್ಟಿರುವ ನೀಲಿ ಸ್ವೆಟರು ಅಂಥ ಒಬ್ಬ ಅಮ್ಮನಿಂದ ಚೌಕಾಸಿ ಮಾಡಿ ಕೊಂಡದ್ದು. ಈಗ ಆ ಚೌಕಾಸಿಯನ್ನು ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ.

ಕಾಡಿನ ಮಾತನ್ನೂ ಹೇಳಿಬಿಡುತ್ತೇನೆ. ಮಲೆ ಮಹದೇಶ್ವರ ವನ್ಯಧಾಮ ನಮ್ಮ ಹೊಲಗಳ ಬೇಲಿಗೆ ತಾಗಿದೆ. ಇಬ್ಬನಿ ಕಟ್ಟುವವರೆಗೆ ಹುಲ್ಲಿನಲ್ಲಿ ಸ್ವಲ್ಪ ಹಸಿ ಇರುತ್ತದೆ. ಅದು ನಿಂತರೆ ಬೆಂಕಿಯ ಕಾಲ ಆರಂಭ. ನಮ್ಮದೇ ಜಿಲ್ಲೆಯ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಹತ್ತಿದ ಬೆಂಕಿ ಸಾವಿರಾರು ಎಕರೆಯನ್ನು ಸುಟ್ಟಿತು. ಬೆಂಕಿ ಹಚ್ಚುವುದು ಮನುಷ್ಯನ ಕೈ, ಒಪ್ಪಿದೆ. ಹಚ್ಚಿದ್ದು ಹರಡುವುದಕ್ಕೆ ಒಣಗಿದ ಕಾಡೂ ಬೇಕು.

ಲಾಭ ಇಷ್ಟು, ನಷ್ಟ ಇಷ್ಟು ಎಂದು ತಕ್ಕಡಿ ಹಿಡಿಯುವುದು ನನ್ನ ಉದ್ದೇಶವಲ್ಲ. ಇವೆರಡರಲ್ಲಿ ಯಾವುದೂ ನಮ್ಮ ಊರಿನ ಮಟ್ಟಿಗೆ ಬರಹದಲ್ಲಿಲ್ಲ ಎಂಬುದೇ ನನ್ನ ದೂರು. ಮಳೆಯ ವಿಷಯದಲ್ಲಿ ಸರ್ಕಾರ ಎಚ್ಚೆತ್ತಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಇಟ್ಟಿದ್ದಾರೆ. ಅದು ತಾನಾಗಿಯೇ ಲೆಕ್ಕ ಕಳುಹಿಸುತ್ತದೆ. ಆದರೆ ಉಷ್ಣತೆ, ಗಾಳಿ, ತೇವಾಂಶಗಳನ್ನು ಅಳೆಯುವ ಕೇಂದ್ರ ಇರುವುದು ಹೋಬಳಿಗೊಂದು. ಹೋಬಳಿಯ ಬಯಲಿನ ರಾತ್ರಿಯೂ ಬೆಟ್ಟದ ಮಗ್ಗುಲಿನ ನಮ್ಮ ಹಳ್ಳದ ರಾತ್ರಿಯೂ ಒಂದೇ ಅಲ್ಲವೆಂದು ಅಜ್ಜಿಯೇ ಹೇಳಿದ್ದಾರಲ್ಲ! ಇದೇನು ಪಂಡಿತರ ಸೂಕ್ಷ್ಮವೆಂದು ಯಾರೂ ತಿಳಿಯಬಾರದು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರವನ್ನು ತೀರ್ಮಾನಿಸುವುದು ರೈತನ ಹೊಲವನ್ನು ನೋಡಿ ಅಲ್ಲ, ಮಾಪನ ಕೇಂದ್ರದ ಅಂಕಿಯನ್ನು ನೋಡಿ. ಅಂಕಿ ಇಲ್ಲದ ಊರಿನ ನಷ್ಟ ಬೇರೆ ಊರಿನ ಅಂಕಿಯಿಂದ ತೀರ್ಮಾನವಾಗುತ್ತದೆ.

ಹಳೆಯದನ್ನು ಹುಡುಕೋಣವೆಂದರೆ ಅಲ್ಲಿಯೂ ತೊಡಕು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ. 1997ರಿಂದ ಚಾಮರಾಜನಗರ. ಹನೂರು ಬೇರೆ ತಾಲ್ಲೂಕಾದದ್ದು ತೀರ ಈಚೆಗೆ. ನಮ್ಮ ನೆಲ ಕದಲದೆ ಕುಳಿತಿತ್ತು, ಕಡತಗಳು ಮಾತ್ರ ಊರೂರು ತಿರುಗಿದವು.

ಇಷ್ಟು ಯೋಚನೆ ಬಂದ ಮೇಲೆ ಸುಮ್ಮನಿರಲಾರದೆ ನಾನೇ ಒಂದು ಥರ್ಮಾಮೀಟರು ಕೊಂಡೆ. ಗೋಡೆಗೆ ತೂಗುಹಾಕುವಂಥದು. ಮನೆಯ ಸೂರಿನ ಕೆಳಗೆ ಕಟ್ಟಿ, ರಜದಲ್ಲಿ ಊರಿಗೆ ಹೋದಾಗಲೆಲ್ಲ ಬೆಳಿಗ್ಗೆ ಆರಕ್ಕೆ ಎದ್ದು ಬರೆದೆ. ಅಮ್ಮ, “ಯಾರಿಗೆ ಜ್ವರ?” ಎಂದು ಕೇಳಿದರು. ನನ್ನ ಅಂಕಿಗಳನ್ನು ಇಲ್ಲಿ ಕೊಡುತ್ತಿಲ್ಲ, ಅವು ನಂಬತಕ್ಕವಲ್ಲ. ಸೂರು ತಗಡಿನದು, ಪಕ್ಕದಲ್ಲಿಯೇ ಒಲೆಯ ಗೋಡೆ. ನಾನು ಅಳೆದದ್ದು ಊರಿನ ಚಳಿಯನ್ನಲ್ಲ, ನಮ್ಮ ಅಡಿಗೆಮನೆಯನ್ನು. ಸರಿಯಾದ ಕ್ರಮವೇನೆಂದು ಆಮೇಲೆ ಓದಿ ತಿಳಿದೆ. ಬಿಳಿಯ ಬಣ್ಣ ಬಳಿದ, ಸುತ್ತಲೂ ಗಾಳಿಯಾಡುವ ಪಟ್ಟಿಗಳ ಮರದ ಪೆಟ್ಟಿಗೆಯಿರಬೇಕು. ಅದು ಬಯಲಿನಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ನಿಲ್ಲಬೇಕು. ರಾತ್ರಿಯ ಕನಿಷ್ಠ ಅಂಕವನ್ನು ತಾನೇ ಗುರುತು ಹಿಡಿದಿಡುವ ಉಷ್ಣಮಾಪಕ ಒಳಗಿರಬೇಕು. ಈ ಪೆಟ್ಟಿಗೆಗೆ ಸ್ಟೀವನ್‌ಸನ್ ಪೆಟ್ಟಿಗೆಯೆಂದು ಹೆಸರು. ಇದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್, ‘ಟ್ರೆಷರ್ ಐಲೆಂಡ್’ ಕಾದಂಬರಿಯ ಕರ್ತೃವಿನ ತಂದೆ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೂ ಹೀಗೆ ಹವಾಮಾನದಲ್ಲಿ ಸ್ವಲ್ಪ ಬಾಧ್ಯತೆ ಉಂಟು.

ಅಂಥ ಒಂದು ಪೆಟ್ಟಿಗೆಯನ್ನು ನಮ್ಮ ಕಾಲೇಜಿನ ಆವರಣದಲ್ಲಿ ನಿಲ್ಲಿಸಬೇಕೆಂಬುದು ನನ್ನ ಸೂಚನೆ. ಮರಗೆಲಸ ಬಲ್ಲ ತಂದೆಯರ ಮಕ್ಕಳು ನಮ್ಮ ತರಗತಿಯಲ್ಲಿಯೇ ಇಬ್ಬರಿದ್ದಾರೆ. ಮಾಪಕದ ಬೆಲೆ ವಾರ್ಷಿಕೋತ್ಸವದ ಶಾಮಿಯಾನಕ್ಕಿಂತ ಹೆಚ್ಚಾಗಲಾರದು. ಕಲಾ ಕಾಲೇಜಿಗೆ ಇದೆಲ್ಲ ಏಕೆಂದು ಯಾರಾದರೂ ಕೇಳಿಯಾರು. ಇತಿಹಾಸ ಓದುವವರು ಶಾಸನಗಳ ತಾರೀಖಿಗಾಗಿ ತಲೆ ಕೆಡಿಸಿಕೊಳ್ಳುತ್ತೇವೆ. ಇಂದಿನ ತಾರೀಖನ್ನು ಬರೆದಿಡುವುದು ನಮಗೆ ಅನ್ಯವೇ? ಜೊತೆಗೆ ಮಾರ್ಟಳ್ಳಿ, ಒಡೆಯರಪಾಳ್ಯ, ಬೆಟ್ಟದ ಕೆಳಗಿನ ಹಾಡಿಗಳು, ಕಾವೇರಿಯ ದಡದ ಊರುಗಳು, ಇಲ್ಲೆಲ್ಲ ನಮ್ಮ ವಿದ್ಯಾರ್ಥಿಗಳ ಮನೆಗಳಿವೆ. ಪ್ರತಿ ಊರಿಗೊಂದು ಸಣ್ಣ ಮಾಪಕ ಕೊಟ್ಟು, ನವೆಂಬರಿನಿಂದ ಫೆಬ್ರವರಿಯವರೆಗೆ ಒಬ್ಬೊಬ್ಬರು ಬರೆಯುವುದಾದರೆ ನಾಲ್ಕೈದು ವರ್ಷದಲ್ಲಿ ಈ ಸೀಮೆಯ ರಾತ್ರಿಗಳ ಒಂದು ಪುಸ್ತಕವೇ ಆಗುತ್ತದೆ. ಅಡಿಗೆಮನೆಯ ಸೂರಿನಲ್ಲಿ ಕಟ್ಟಬಾರದೆಂದು ಹೇಳಿಕೊಡಲು ನಾನಿದ್ದೇನೆ.

ಕಷ್ಟವಿರುವುದು ಪೆಟ್ಟಿಗೆ ಕಟ್ಟುವುದರಲ್ಲಲ್ಲ, ದಿನವೂ ಬರೆಯುವುದರಲ್ಲಿ. ಭಾನುವಾರ ಯಾರು ಬರೆಯಬೇಕು? ಪರೀಕ್ಷೆಯ ದಿನ ಯಾರು? ನಾವು ಅಂತಿಮ ವರ್ಷದವರು ಬೇಸಿಗೆಗೆ ಹೊರಟುಹೋಗುತ್ತೇವೆ. ಆದ್ದರಿಂದ ಮೊದಲ ವರ್ಷದವರಲ್ಲಿ ಇಬ್ಬರು ಮುಂದೆ ಬರಬೇಕು, ಹತ್ತಿರದ ಊರಿನವರಾದರೆ ಒಳ್ಳೆಯದು. ಇನ್ನೂರು ಪುಟದ ಒಂದು ದಪ್ಪ ನೋಟ್‌ಬುಕ್ ಕೊಂಡು, ತಾರೀಖು, ಹೊತ್ತು, ಉಷ್ಣತೆ, ಆಕಾಶ, ಇಬ್ಬನಿ ಎಂದು ಐದು ಅಂಕಣ ಗೆರೆ ಎಳೆದು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಪೆನ್ನನ್ನು ದಾರದಿಂದ ಕಟ್ಟಿದ್ದೇನೆ, ಯಾರೂ ಒಯ್ಯಬಾರದೆಂದು.